ಆಟದ ಯಂತ್ರಗಳ ಪೈಪೋಟಿ



ಶ್ರಾವಣ ಮಾಸದ ಶನಿವಾರಗಳಂದು ನಮ್ಮ ನೇಮಕಲ್ಲಿನ ಆಂಜನೇಯಸ್ವಾಮಿಯ ಸನ್ನಿಧಿಗೆ ಎಷ್ಟು ಜನ ಬರುತ್ತಾರೆಂಬುದನ್ನು ನೀವೆಲ್ಲರೂ ಕಂಡಿದ್ದೀರಿ. ಕಸಾಪುರ, ಮುರಡಿ, ನೇಮಕಲ್ಲು ಈ ಮೂರೂ ಕ್ಷೇತ್ರಗಳ ಆಂಜನೇಯನನ್ನು ಒಂದೇ ದಿನದಲ್ಲಿ ಕಾಣಬೇಕೆಂದು ಭಕ್ತರು ದೂರದೂರದಿಂದ ಬರುತ್ತಾರೆ. ಜನ ಸೇರಿದಲ್ಲಿ ಅಂಗಡಿಗಳು ಸೇರುವುದು ಸಹಜ. ಆಟದ ಸಾಮಾನು ಮಾರುವ ಇಬ್ಬರು ಎದುರುಬದುರಾಗಿ ಕುಳಿತರೆಂದು ಭಾವಿಸೋಣ. ಒಬ್ಬನು ಬೆಲೆಯನ್ನು ಹತ್ತು ರೂಪಾಯಿ ಇಳಿಸುತ್ತಾನೆ. ಇನ್ನೊಬ್ಬನು ಬೆಲೆ ಇಳಿಸದೆ ಒಂದು ಬಲೂನನ್ನು ಪುಕ್ಕಟೆ ಕೊಡುತ್ತಾನೆ. ಮಕ್ಕಳು ಅತ್ತ ಓಡುವುದೋ ಇತ್ತ ಓಡುವುದೋ ತಿಳಿಯದೆ ನಿಲ್ಲುತ್ತಾರೆ. ಇದೇ ಬಗೆಯ ಪೈಪೋಟಿಯು ಜಗತ್ತಿನ ದೊಡ್ಡ ದೊಡ್ಡ ಕಂಪೆನಿಗಳ ನಡುವೆ ಐವತ್ತು ವರ್ಷಗಳಿಗೂ ಮೇಲ್ಪಟ್ಟು ನಡೆದುಬಂದಿದೆ. ಅವುಗಳು ಮಾರುವ ಸಾಮಾನೇ ವಿಡಿಯೋ ಗೇಮ್ ಯಂತ್ರ.

ಈ ವಿಷಯವನ್ನು ಆರಿಸಿಕೊಳ್ಳಲು ಒಂದು ಕಾರಣವಿದೆ. ಕಳೆದ ವರ್ಷ ಒಬ್ಬ ತಂದೆಯವರು ನನ್ನಲ್ಲಿಗೆ ಬಂದರು. ಅವರ ಮಗ ಒಂಬತ್ತನೆಯ ತರಗತಿಯವನು. ಮನೆಯ ಫೋನಿನಲ್ಲಿ ಆಟವಾಡುತ್ತ, ಆಟದೊಳಗಿನ ‘ನಾಣ್ಯ’ಗಳಿಗಾಗಿ ತಂದೆಯ ಖಾತೆಯಿಂದ ಸ್ವಲ್ಪ ಸ್ವಲ್ಪವಾಗಿ ಹಣ ಕಟ್ಟಿಬಿಟ್ಟಿದ್ದ. ಅದು ಬಿತ್ತನೆಗೆಂದು ಇಟ್ಟಿದ್ದ ಹಣ. “ಆಟ ಪುಕ್ಸಟ್ಟೆ ಅಂತ ಹೇಳಿದ್ದ ಸಾರ್. ಪುಕ್ಸಟ್ಟೆ ಅಂದ್ಮೇಲೆ ರೊಕ್ಕ ಹೆಂಗೆ ಹೋತು?” ಎಂದು ಅವರು ಕೇಳಿದರು. ಆ ಕ್ಷಣದಲ್ಲಿ ನಾನು ಸರಿಯಾದ ಉತ್ತರ ಕೊಡಲಾರದೆ ಹೋದೆ. ಈ ಲೇಖನವು ಅವರಿಗೆ ಕೊಡಬೇಕಾಗಿದ್ದ ಉತ್ತರ.

ಬೀಜ ಕೊಟ್ಟವನಿಗೇ ಬೆಳೆ

ವಿಡಿಯೋ ಗೇಮ್ ಯಂತ್ರವೆಂದರೆ ಟೆಲಿವಿಷನ್ನಿಗೆ ಜೋಡಿಸಿ ಆಡುವ ಒಂದು ಸಣ್ಣ ಕಂಪ್ಯೂಟರ್ ಎನ್ನಬಹುದು. ಇದಕ್ಕೆ ಕನ್ಸೋಲ್ ಎಂದು ಹೆಸರು. ಯಂತ್ರ ಬೇರೆ, ಆಟ ಬೇರೆ. ಹಿಂದೆ ಆಟಗಳು ‘ಕಾರ್ಟ್ರಿಜ್’ ಎಂಬ ಪುಟ್ಟ ಡಬ್ಬಿಗಳಲ್ಲಿ ಬರುತ್ತಿದ್ದವು. ನಮ್ಮ ಕಡೆಯ ಹುಡುಗರು ಅದನ್ನು ‘ಕ್ಯಾಸೆಟ್’ ಎಂದೇ ಕರೆಯುತ್ತಿದ್ದರು. ಆಮೇಲೆ ಸಿ.ಡಿ. ತಟ್ಟೆಗಳು ಬಂದವು. ಈಗ ಬಹಳಷ್ಟು ಆಟಗಳು ಇಂಟರ್ನೆಟ್ ಮೂಲಕವೇ ಇಳಿಯುತ್ತವೆ.

ಈ ವ್ಯಾಪಾರದ ಗುಟ್ಟನ್ನು ನಮ್ಮ ರೈತರಿಗೆ ವಿವರಿಸಿ ಹೇಳಬೇಕಾಗಿಲ್ಲ. ಬಿತ್ತನೆಯ ಕಾಲದಲ್ಲಿ ವ್ಯಾಪಾರಿಯೊಬ್ಬನು ಶೇಂಗಾ ಬೀಜವನ್ನು ಸುಲಭವಾಗಿ ಸಾಲ ಕೊಡುತ್ತಾನೆ. ಆದರೆ ಬೆಳೆ ಬಂದಾಗ ಅದನ್ನು ಅವನ ಮಂಡಿಯಲ್ಲಿಯೇ, ಅವನು ಹೇಳಿದ ಬೆಲೆಗೇ ತೂಗಬೇಕೆಂಬುದು ಕರಾರು. ಅವನ ಲಾಭ ಬೀಜದಲ್ಲಿಲ್ಲ, ಬೆಳೆಯಲ್ಲಿದೆ. ಆಟದ ಯಂತ್ರದ ವ್ಯಾಪಾರವೂ ಹೀಗೆಯೇ. ಯಂತ್ರವನ್ನು ಎಷ್ಟೋ ವೇಳೆ ಅಸಲಿಗೆ, ಕೆಲವೊಮ್ಮೆ ನಷ್ಟಕ್ಕೇ ಮಾರುತ್ತಾರೆ. ಆ ಯಂತ್ರಕ್ಕೆ ಒಪ್ಪುವ ಆಟಗಳ ಮಾರಾಟದಲ್ಲಿ ಲಾಭ ಪಡೆಯುತ್ತಾರೆ. ಬೇರೆ ಕಂಪೆನಿ ಮಾಡಿದ ಆಟವಾದರೂ ಯಂತ್ರದ ಒಡೆಯನಿಗೆ ಪಾಲು ಸಲ್ಲಲೇಬೇಕು. 2021ರಲ್ಲಿ ಅಮೆರಿಕದ ನ್ಯಾಯಾಲಯವೊಂದರಲ್ಲಿ ಮೈಕ್ರೋಸಾಫ್ಟ್ ಕಂಪೆನಿಯ ಅಧಿಕಾರಿಯೊಬ್ಬರು, ತಮ್ಮ ಎಕ್ಸ್‌ಬಾಕ್ಸ್ ಯಂತ್ರಗಳ ಮಾರಾಟದಿಂದ ಎಂದೂ ಲಾಭ ಬಂದಿಲ್ಲವೆಂದು ಸಾಕ್ಷಿ ಹೇಳಿದರು. ಲಾಭವಿಲ್ಲದ ಸಾಮಾನನ್ನು ಯಾರೂ ಇಪ್ಪತ್ತು ವರ್ಷ ಮಾರುವುದಿಲ್ಲ. ಲಾಭ ಬೇರೆ ಕಡೆ ಇದೆ ಎಂದೇ ಇದರ ಅರ್ಥ. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆಯೆಲ್ಲ ತಾನಾಗಿಯೇ ಅರ್ಥವಾಗುತ್ತದೆ.

ಮೊದಲ ಹೆಜ್ಜೆಗಳು

ಜರ್ಮನಿಯಲ್ಲಿ ಹುಟ್ಟಿ 1938ರಲ್ಲಿ ಅಮೆರಿಕಕ್ಕೆ ವಲಸೆ ಹೋದ ರಾಲ್ಫ್ ಬೇರ್ ಎಂಬ ಎಂಜಿನಿಯರಿಗೆ 1966ರಲ್ಲಿ ಒಂದು ಆಲೋಚನೆ ಹೊಳೆಯಿತು. ಮನೆಮನೆಯಲ್ಲಿರುವ ಟೆಲಿವಿಷನ್ನನ್ನು ಕೇವಲ ನೋಡುವುದಷ್ಟೇ ಏಕೆ, ಅದರೊಡನೆ ಆಡಲೂ ಬಾರದೇಕೆ? ಈ ಆಲೋಚನೆಯ ಫಲವಾಗಿ 1972ರಲ್ಲಿ ಮ್ಯಾಗ್ನಾವಾಕ್ಸ್ ಕಂಪೆನಿಯು ‘ಒಡಿಸ್ಸಿ’ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಮನೆಯಲ್ಲಿ ಆಡುವ ವಿಡಿಯೋ ಗೇಮ್ ಯಂತ್ರಗಳಲ್ಲಿ ಇದೇ ಮೊದಲನೆಯದು. ಅದರಲ್ಲಿ ಶಬ್ದವಿರಲಿಲ್ಲ, ಬಣ್ಣವಿರಲಿಲ್ಲ. ಬಣ್ಣಕ್ಕಾಗಿ ಚಿತ್ರ ಮುದ್ರಿಸಿದ ಪಾರದರ್ಶಕ ಹಾಳೆಗಳನ್ನು ಟೆಲಿವಿಷನ್ ಪರದೆಗೆ ಅಂಟಿಸಬೇಕಾಗಿತ್ತು! ಅದೇ ವರ್ಷ ನೋಲನ್ ಬುಶ್‌ನೆಲ್ ಮತ್ತು ಟೆಡ್ ಡ್ಯಾಬ್ನಿ ಎಂಬವರು ‘ಅಟಾರಿ’ ಕಂಪೆನಿಯನ್ನು ಸ್ಥಾಪಿಸಿ ‘ಪಾಂಗ್’ ಎಂಬ ಆಟವನ್ನು ತಂದರು. ತಮ್ಮ ಆಟವನ್ನೇ ಅನುಸರಿಸಿದ್ದಾರೆಂದು ಮ್ಯಾಗ್ನಾವಾಕ್ಸ್ ದಾವೆ ಹೂಡಿತು. 1976ರಲ್ಲಿ ರಾಜಿಯಾಯಿತು. ಈ ಉದ್ಯಮದಲ್ಲಿ ಪೈಪೋಟಿಯೂ ವ್ಯಾಜ್ಯವೂ ಅವಳಿ ಮಕ್ಕಳಂತೆ ಒಟ್ಟಿಗೇ ಹುಟ್ಟಿದವು.

1977ರಲ್ಲಿ ಅಟಾರಿಯು ಕಾರ್ಟ್ರಿಜ್ ಬದಲಿಸಿ ಬೇರೆ ಬೇರೆ ಆಟ ಆಡಬಹುದಾದ ಯಂತ್ರವನ್ನು ತಂದಿತು. 1980ರಲ್ಲಿ ‘ಸ್ಪೇಸ್ ಇನ್ವೇಡರ್ಸ್’ ಎಂಬ ಆಟ ಅದಕ್ಕೆ ಬಂದ ಮೇಲೆ ಆ ಆಟಕ್ಕಾಗಿಯೇ ಜನ ಯಂತ್ರವನ್ನು ಕೊಂಡರು. ಆಟ ಚೆನ್ನಾಗಿದ್ದರೆ ಯಂತ್ರ ತಾನಾಗಿ ಮಾರಾಟವಾಗುತ್ತದೆ ಎಂಬ ಪಾಠವನ್ನು ವ್ಯಾಪಾರಿಗಳು ಕಲಿತದ್ದು ಆಗಲೇ.

ಬೆಳೆ ಹೆಚ್ಚಾಗಿ ಬೆಲೆ ಕುಸಿದುದು

ಆದರೆ ಕಲಿತ ಪಾಠವನ್ನು ಅಟಾರಿಯೇ ಮರೆಯಿತು. ಆಟಗಳನ್ನು ರಚಿಸುತ್ತಿದ್ದ ತನ್ನ ಜಾಣ ನೌಕರರಿಗೆ ಡಬ್ಬಿಯ ಮೇಲೆ ಹೆಸರನ್ನೂ ಹಾಕಲಿಲ್ಲ, ಲಾಭದಲ್ಲಿ ಪಾಲನ್ನೂ ಕೊಡಲಿಲ್ಲ. ಅಸಮಾಧಾನಗೊಂಡ ನಾಲ್ವರು 1979ರಲ್ಲಿ ಹೊರಬಂದು ‘ಆಕ್ಟಿವಿಷನ್’ ಎಂಬ ಸ್ವಂತ ಕಂಪೆನಿಯನ್ನು ಕಟ್ಟಿ, ಅಟಾರಿಯ ಯಂತ್ರಕ್ಕೇ ಆಟ ಮಾಡಿ ಮಾರಿದರು. ಅವರ ಯಶಸ್ಸನ್ನು ಕಂಡು ಕಂಡಕಂಡವರೆಲ್ಲ ಆಟ ಮಾಡತೊಡಗಿದರು. ಮ್ಯಾಟೆಲ್, ಕೊಲೆಕೊ ಮೊದಲಾದ ಕಂಪೆನಿಗಳು ಬೇರೆ ಬೇರೆ ಯಂತ್ರಗಳನ್ನು ತಂದವು.

ನಮ್ಮ ಜಿಲ್ಲೆಯಲ್ಲಿ ಟೊಮೇಟೊ ಬೆಲೆ ಏರಿದ ವರ್ಷ ಎಲ್ಲರೂ ಟೊಮೇಟೊ ಹಾಕುತ್ತಾರೆ. ಮರುವರ್ಷ ಕೀಳುವ ಕೂಲಿಯೂ ಹುಟ್ಟದೆ ರಸ್ತೆಯ ಬದಿಗೆ ಸುರಿಯುತ್ತಾರೆ. ಅಮೆರಿಕದಲ್ಲಿ 1983ರಲ್ಲಿ ನಡೆದದ್ದೂ ಇದೇ. ಕಳಪೆ ಆಟಗಳು ಅಂಗಡಿಗಳಲ್ಲಿ ರಾಶಿ ಬಿದ್ದವು. ‘ಇ.ಟಿ.’ ಎಂಬ ಪ್ರಸಿದ್ಧ ಚಲನಚಿತ್ರವನ್ನು ಆಧರಿಸಿದ ಆಟವನ್ನು ಅಟಾರಿಯು 1982ರ ಕ್ರಿಸ್ಮಸ್ ವ್ಯಾಪಾರಕ್ಕಾಗಿ ಸುಮಾರು ಐದೇ ವಾರಗಳಲ್ಲಿ ಮಾಡಿಸಿತು. ಕೊಂಡವರು ನಿರಾಶರಾದರು, ಅಂಗಡಿಯವರು ಸರಕನ್ನು ಹಿಂದಕ್ಕೆ ಕಳುಹಿಸಿದರು. ಮಾರಾಟವಾಗದ ಕಾರ್ಟ್ರಿಜ್‌ಗಳನ್ನು 1983ರಲ್ಲಿ ನ್ಯೂ ಮೆಕ್ಸಿಕೋ ರಾಜ್ಯದ ಆಲಮಗಾರ್ಡೊ ಎಂಬ ಊರಿನ ಕಸದ ಗುಂಡಿಯಲ್ಲಿ ಹೂಳಲಾಯಿತು. 2014ರಲ್ಲಿ ಆ ಜಾಗವನ್ನು ಅಗೆದಾಗ ಅವು ನಿಜವಾಗಿಯೂ ಹೊರಬಂದವು. ಗ್ರಾಹಕನ ನಂಬಿಕೆ ಒಮ್ಮೆ ಕೆಟ್ಟರೆ ಎಂಥ ದೊಡ್ಡ ಕಂಪೆನಿಯೂ ನಿಲ್ಲಲಾರದೆಂಬುದಕ್ಕೆ ಆ ಗುಂಡಿಯೇ ಸಾಕ್ಷಿ.

ಒಂದೇ ದಿನ ಬಂದ ಎರಡು ಯಂತ್ರಗಳು

ಅಮೆರಿಕದಲ್ಲಿ ಈ ಉದ್ಯಮ ಮುಳುಗುತ್ತಿದ್ದಾಗ ಜಪಾನಿನಲ್ಲಿ ಅದು ಏಳುತ್ತಿತ್ತು. 1983ರ ಜುಲೈ 15ರಂದು, ಒಂದೇ ದಿನ, ಎರಡು ಕಂಪೆನಿಗಳು ತಮ್ಮ ಯಂತ್ರಗಳನ್ನು ಬಿಡುಗಡೆ ಮಾಡಿದವು. ಒಂದು ನಿಂಟೆಂಡೊ, ಮತ್ತೊಂದು ಸೆಗಾ. ನಿಂಟೆಂಡೊ ಹೊಸ ಕಂಪೆನಿಯಲ್ಲ. 1889ರಲ್ಲಿ ಕ್ಯೋಟೊ ನಗರದಲ್ಲಿ ಇಸ್ಪೀಟಿನಂಥ ಹೂವಿನ ಚಿತ್ರದ ಎಲೆಗಳನ್ನು ತಯಾರಿಸಲು ಹುಟ್ಟಿದ ಅಂಗಡಿ ಅದು. ಸೆಗಾ ಕಂಪೆನಿಯು ಕಾಸು ಹಾಕಿ ಆಡುವ ದೊಡ್ಡ ಯಂತ್ರಗಳಿಗೆ ಹೆಸರಾಗಿತ್ತು.

ನಿಂಟೆಂಡೊ ಅಟಾರಿಯ ತಪ್ಪನ್ನು ಮಾಡಲಿಲ್ಲ. 1985ರಲ್ಲಿ ಅಮೆರಿಕಕ್ಕೆ ಹೋದಾಗ ತನ್ನ ಯಂತ್ರದೊಳಗೆ ಬೀಗದಂಥ ಒಂದು ಚಿಪ್ಪನ್ನು ಇರಿಸಿತು. ತನ್ನ ಒಪ್ಪಿಗೆ ಇಲ್ಲದ ಕಾರ್ಟ್ರಿಜ್ ಹಾಕಿದರೆ ಯಂತ್ರ ನಡೆಯದಂತೆ ಮಾಡಿತು. ಹೊರಗಿನ ಕಂಪೆನಿಯೊಂದು ವರ್ಷಕ್ಕೆ ಐದು ಆಟಗಳಿಗಿಂತ ಹೆಚ್ಚು ಮಾಡಬಾರದು, ಅದೇ ಆಟವನ್ನು ಎರಡು ವರ್ಷ ಬೇರೆ ಯಂತ್ರಕ್ಕೆ ಕೊಡಬಾರದು, ಕಾರ್ಟ್ರಿಜ್‌ಗಳನ್ನು ನಿಂಟೆಂಡೊದಿಂದಲೇ ಮಾಡಿಸಿಕೊಳ್ಳಬೇಕು ಎಂದು ಕಟ್ಟಳೆ ವಿಧಿಸಿತು. ಇದರಿಂದ ಕಳಪೆ ಸರಕಿನ ರಾಶಿ ತಪ್ಪಿತು ನಿಜ. ಆದರೆ ಎಲ್ಲರ ಜುಟ್ಟೂ ಒಬ್ಬನ ಕೈಗೆ ಸಿಕ್ಕಿತು. ‘ಸೂಪರ್ ಮಾರಿಯೋ’ ಆಟದ ಬಲದಿಂದ ಆ ಯಂತ್ರವು ಜಗತ್ತಿನಾದ್ಯಂತ 6 ಕೋಟಿಗೂ ಹೆಚ್ಚು ಮಾರಾಟವಾಯಿತು.

ಇಂಥ ಬಲಶಾಲಿಯ ಎದುರು ಸೆಗಾ ನಿಂತುದು ಹೇಗೆ? ಅದು 1989ರಲ್ಲಿ ಅಮೆರಿಕದಲ್ಲಿ ಹೆಚ್ಚು ಶಕ್ತಿಯ ಹೊಸ ಯಂತ್ರವನ್ನು ತಂದಿತು. 1991ರಲ್ಲಿ ‘ಸಾನಿಕ್’ ಎಂಬ ನೀಲಿ ಬಣ್ಣದ ಮುಳ್ಳುಹಂದಿಯ ಆಟವನ್ನು ತಂದು, ಅದನ್ನು ಯಂತ್ರದ ಜೊತೆಯಲ್ಲಿಯೇ ಕೊಟ್ಟು, ಬೆಲೆಯನ್ನು 149 ಡಾಲರಿಗೆ ಇಳಿಸಿತು. ನಿಂಟೆಂಡೊದ ಹೊಸ ಯಂತ್ರದ ಬೆಲೆ ಆಗ 199 ಡಾಲರ್. ಜಾಹೀರಾತುಗಳಲ್ಲಿ ಎದುರಾಳಿಯನ್ನು ಹೆಸರು ಹಿಡಿದೇ ಮೂದಲಿಸಿತು. ಆಟ ಮಾಡುವ ಕಂಪೆನಿಗಳಿಗೆ ಹೋಗಲು ಇನ್ನೊಂದು ಬಾಗಿಲು ತೆರೆಯಿತು. ಎರಡು ವರ್ಷ ಬೇರೆಯವರಿಗೆ ಕೊಡಬಾರದೆಂಬ ಕಟ್ಟಳೆಯನ್ನು ನಿಂಟೆಂಡೊ ಕೈಬಿಡಬೇಕಾಯಿತು. ಪೈಪೋಟಿಯಿಂದ ಆಗುವ ಒಳಿತು ಇದೇ. ಎರಡನೆಯ ಅಂಗಡಿ ಇದ್ದರೆ ಮೊದಲನೆಯ ಅಂಗಡಿಯವನು ಸೌಜನ್ಯದಿಂದ ಮಾತಾಡುತ್ತಾನೆ.

ಅದೇ ಪೈಪೋಟಿಯ ಭರದಲ್ಲಿ ರಕ್ತಪಾತದ ಆಟಗಳೂ ಬಂದವು. ಪೋಷಕರು ಆಕ್ಷೇಪಿಸಿದ್ದರಿಂದ 1993ರಲ್ಲಿ ಅಮೆರಿಕದ ಸೆನೆಟ್ ಸಭೆಯಲ್ಲಿ ವಿಚಾರಣೆ ನಡೆಯಿತು. ಅದರ ಪರಿಣಾಮವಾಗಿ, ಯಾವ ಆಟ ಯಾವ ವಯಸ್ಸಿನವರಿಗೆ ತಕ್ಕುದೆಂದು ಡಬ್ಬಿಯ ಮೇಲೆ ಮುದ್ರಿಸುವ ಪದ್ಧತಿಯು ಅಲ್ಲಿ 1994ರಿಂದ ಬಳಕೆಗೆ ಬಂದಿತು.

ಮುರಿದ ಮಾತಿನಿಂದ ಹುಟ್ಟಿದ ಎದುರಾಳಿ

ನಿಂಟೆಂಡೊದ ಯಂತ್ರಕ್ಕೆ ಸಿ.ಡಿ. ಜೋಡಿಸುವ ಕೆಲಸದಲ್ಲಿ ಸೋನಿ ಕಂಪೆನಿ ಕೈಗೂಡಿಸಿತ್ತು. 1991ರ ಜೂನ್ ತಿಂಗಳಲ್ಲಿ ಸೋನಿ ಇದನ್ನು ಬಹಿರಂಗವಾಗಿ ಪ್ರಕಟಿಸಿತು. ಮರುದಿನವೇ ನಿಂಟೆಂಡೊ, ತಾನು ಫಿಲಿಪ್ಸ್ ಕಂಪೆನಿಯೊಡನೆ ಕೆಲಸ ಮಾಡುವುದಾಗಿ ಘೋಷಿಸಿತು! ಸಿ.ಡಿ. ಆಟಗಳ ಲಾಭ ಸೋನಿಯ ಪಾಲಾಗಿಬಿಡುತ್ತದೆಂಬ ಭಯ ಅದಕ್ಕೆ. ತುಂಬಿದ ಸಭೆಯಲ್ಲಿ ಆದ ಈ ಅಪಮಾನವನ್ನು ಸೋನಿ ಮರೆಯಲಿಲ್ಲ. ಕೆನ್ ಕುಟರಾಗಿ ಎಂಬ ಎಂಜಿನಿಯರರ ನೇತೃತ್ವದಲ್ಲಿ ಸ್ವಂತ ಯಂತ್ರವನ್ನು ರಚಿಸಿ, 1994ರ ಡಿಸೆಂಬರ್ 3ರಂದು ಜಪಾನಿನಲ್ಲಿ ‘ಪ್ಲೇಸ್ಟೇಷನ್’ ಎಂಬ ಹೆಸರಿನಿಂದ ಬಿಡುಗಡೆ ಮಾಡಿತು.

1995ರ ಮೇ ತಿಂಗಳಲ್ಲಿ ಅಮೆರಿಕದ ಪ್ರದರ್ಶನವೊಂದರಲ್ಲಿ ಸೆಗಾ ತನ್ನ ಹೊಸ ‘ಸ್ಯಾಟರ್ನ್’ ಯಂತ್ರದ ಬೆಲೆ 399 ಡಾಲರ್ ಎಂದು ಸಾರಿತು. ಅದೇ ದಿನ ಸೋನಿಯ ಅಧಿಕಾರಿಯೊಬ್ಬರು ವೇದಿಕೆಗೆ ಬಂದು, “299” ಎಂಬ ಸಂಖ್ಯೆಯನ್ನಷ್ಟೇ ಹೇಳಿ ಇಳಿದುಹೋದರು. ಅದಕ್ಕಿಂತ ಉದ್ದದ ಭಾಷಣ ಬೇಕಾಗಿರಲಿಲ್ಲ.

ಬೆಲೆಯೊಂದೇ ಕಾರಣವಲ್ಲ. ಒಂದು ಸಿ.ಡಿ.ಯಲ್ಲಿ ಸುಮಾರು 650 ಮೆಗಾಬೈಟಿನಷ್ಟು ವಿಷಯ ಹಿಡಿಯುತ್ತದೆ. ಅದನ್ನು ಅಚ್ಚು ಹಾಕುವ ಖರ್ಚೂ ಕಡಿಮೆ. 1996ರಲ್ಲಿ ಬಂದ ನಿಂಟೆಂಡೊದ ಯಂತ್ರ ಕಾರ್ಟ್ರಿಜ್ಜನ್ನೇ ನೆಚ್ಚಿಕೊಂಡಿತ್ತು. ಅದರಲ್ಲಿ ಹೆಚ್ಚೆಂದರೆ 64 ಮೆಗಾಬೈಟ್ ಹಿಡಿಯುತ್ತಿತ್ತು. ಬಹುಕಾಲ ನಿಂಟೆಂಡೊಗೆ ಆಟ ಮಾಡಿಕೊಡುತ್ತಿದ್ದ ಸ್ಕ್ವೇರ್ ಕಂಪೆನಿಯು ತನ್ನ ದೊಡ್ಡ ಆಟವನ್ನು 1997ರಲ್ಲಿ ಸೋನಿಗೆ ಕೊಟ್ಟಿತು. ಅದು ಮೂರು ಸಿ.ಡಿ.ಗಳಷ್ಟು ದೊಡ್ಡದಾಗಿತ್ತು. ಮೊದಲ ಪ್ಲೇಸ್ಟೇಷನ್ 10 ಕೋಟಿಗೂ ಹೆಚ್ಚು ಮಾರಾಟವಾಯಿತು. ಒಳ್ಳೆಯ ಆಟ ಮಾಡುವವರು ಎತ್ತ ಹೋದರೋ ಗ್ರಾಹಕರೂ ಅತ್ತ ಹೋದರು.

ಸೋತವರೂ ಗೆದ್ದವರೂ

ಒಂದು ಯಂತ್ರವನ್ನು ಗೆಲ್ಲಿಸುವ ಮೊದಲೇ ಇನ್ನೊಂದನ್ನು ತಂದು ಸೆಗಾ ತನ್ನ ಗ್ರಾಹಕರ ವಿಶ್ವಾಸವನ್ನೂ ಅಂಗಡಿಯವರ ಸ್ನೇಹವನ್ನೂ ಕಳೆದುಕೊಂಡಿತು. 1998ರಲ್ಲಿ ತಂದ ‘ಡ್ರೀಮ್‌ಕಾಸ್ಟ್’ ಉತ್ತಮವಾಗಿದ್ದರೂ ಕಾಲ ಮಿಂಚಿತ್ತು. 2000ದಲ್ಲಿ ಬಂದ ಎರಡನೆಯ ಪ್ಲೇಸ್ಟೇಷನ್ ಚಲನಚಿತ್ರದ ಡಿ.ವಿ.ಡಿ.ಗಳನ್ನೂ ತೋರಿಸುತ್ತಿತ್ತು. ಒಂದೇ ಖರ್ಚಿನಲ್ಲಿ ಎರಡು ಸಾಮಾನು ಬಂದಂತಾಯಿತೆಂದು ಜನ ಮುಗಿಬಿದ್ದರು. 2001ರ ಜನವರಿಯಲ್ಲಿ ಸೆಗಾ ತಾನು ಇನ್ನು ಯಂತ್ರಗಳನ್ನು ಮಾಡುವುದಿಲ್ಲವೆಂದು ಪ್ರಕಟಿಸಿತು. ಅದೇ ವರ್ಷದ ಕೊನೆಗೆ ಸೆಗಾದ ನೀಲಿ ಮುಳ್ಳುಹಂದಿ ನಿಂಟೆಂಡೊದ ಯಂತ್ರದಲ್ಲಿ ಓಡತೊಡಗಿತು. ಹತ್ತು ವರ್ಷಗಳ ಹಿಂದೆ ಯಾರೂ ಊಹಿಸದಿದ್ದ ಮಾತು ಇದು.

ಸೆಗಾ ಬಿಟ್ಟುಹೋದ ಜಾಗಕ್ಕೆ 2001ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ‘ಎಕ್ಸ್‌ಬಾಕ್ಸ್’ ಹಿಡಿದು ಬಂದಿತು. ಅದರ ಎರಡನೆಯ ಯಂತ್ರ ಎದುರಾಳಿಗಿಂತ ಒಂದು ವರ್ಷ ಮುಂಚೆಯೇ, 2005ರಲ್ಲಿ ಬಂದಿತು. ಆದರೆ ಬಹಳಷ್ಟು ಯಂತ್ರಗಳು ಕೆಟ್ಟುನಿಂತವು. ಅವುಗಳ ದುರಸ್ತಿಗಾಗಿ 2007ರಲ್ಲಿ ಕಂಪೆನಿಯು ನೂರು ಕೋಟಿ ಡಾಲರಿಗೂ ಮೇಲ್ಪಟ್ಟು ಹಣ ತೆಗೆದಿರಿಸಬೇಕಾಯಿತು. ಅವಸರವೇ ಅಪಾಯಕ್ಕೆ ಮೂಲವಲ್ಲವೆ?

2006ರಲ್ಲಿ ಸೋನಿಯ ಮೂರನೆಯ ಯಂತ್ರ ಅಮೆರಿಕದಲ್ಲಿ 499 ಮತ್ತು 599 ಡಾಲರಿಗೆ ಬಂದಾಗ ನಿಂಟೆಂಡೊ 249 ಡಾಲರಿನ ‘ವೀ’ ಎಂಬ ಯಂತ್ರವನ್ನು ತಂದಿತು. ಶಕ್ತಿಯಲ್ಲಿ ಅದು ಎದುರಾಳಿಗಳಿಗೆ ಸಮನಲ್ಲ. ಆದರೆ ಕೈಯಲ್ಲಿ ಹಿಡಿದ ಕಡ್ಡಿಯನ್ನು ಬೀಸಿದರೆ ಪರದೆಯ ಮೇಲೆ ಚೆಂಡು ಹಾರುತ್ತಿತ್ತು. ಅಜ್ಜ ಅಜ್ಜಿಯರೂ ಆಡತೊಡಗಿದರು. ಅದೂ 10 ಕೋಟಿ ದಾಟಿತು. ಅದರ ಬೆನ್ನಿಗೆ 2012ರಲ್ಲಿ ಬಂದ ‘ವೀ ಯು’ ಕೇವಲ 1 ಕೋಟಿ 35 ಲಕ್ಷ ಮಾರಾಟವಾಗಿ ಸೋತಿತು. 2017ರಲ್ಲಿ, ಮನೆಯಲ್ಲಿಯೂ ಪ್ರಯಾಣದಲ್ಲಿಯೂ ಆಡಬಹುದಾದ ‘ಸ್ವಿಚ್’ ತಂದು ಅದೇ ಕಂಪೆನಿ ಮತ್ತೆ ಎದ್ದಿತು. ಗೆದ್ದವನು ಸದಾ ಗೆಲ್ಲುವುದಿಲ್ಲ, ಸೋತವನು ಸದಾ ಸೋಲುವುದಿಲ್ಲ.

ಈಗಿನ ಪೈಪೋಟಿ ಯಂತ್ರದ ಮೇಲಲ್ಲ, ಆಟ ಮಾಡುವವರ ಮೇಲೆಯೇ ನಡೆದಿದೆ. 2023ರಲ್ಲಿ ಮೈಕ್ರೋಸಾಫ್ಟ್ ಸುಮಾರು 6,900 ಕೋಟಿ ಡಾಲರಿಗೆ ಒಂದು ಆಟದ ಕಂಪೆನಿಯನ್ನು ಕೊಂಡಿತು. ಅದರಲ್ಲಿ ಸೇರಿಹೋದ ಹೆಸರು ಆಕ್ಟಿವಿಷನ್. 1979ರಲ್ಲಿ ಮುನಿದು ಹೊರಬಂದ ಆ ನಾಲ್ವರು ಕಟ್ಟಿದ ಕಂಪೆನಿಯೇ ಅದು.

ನಮ್ಮ ಕಡೆಯ ಮಾತು

ನಮ್ಮ ದೇಶದಲ್ಲಿ 1990ರ ದಶಕದ ಮಕ್ಕಳು ಈ ಹೋರಾಟವನ್ನು ನೋಡಿದ್ದು ದೂರದಿಂದ. ಬಳ್ಳಾರಿಯಂಥ ಊರುಗಳ ಅಂಗಡಿಗಳಲ್ಲಿ ಸಿಗುತ್ತಿದ್ದುದು ಹೆಚ್ಚಾಗಿ ನಿಂಟೆಂಡೊ ಯಂತ್ರದ ಅಗ್ಗದ ನಕಲುಗಳು. ಡಬ್ಬಿಯ ಮೇಲೆ ಸಾವಿರಾರು ಆಟಗಳೆಂದು ಬರೆದಿರುತ್ತಿತ್ತು. ಒಳಗೆ ನೋಡಿದರೆ ಹತ್ತಾರು ಆಟಗಳೇ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು.

ಆದರೆ ನಮ್ಮವರು ಕೇವಲ ಕೊಳ್ಳುವವರಾಗಿ ಉಳಿಯಲಿಲ್ಲ. 1997ರಲ್ಲಿ ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ ‘ಧ್ರುವ ಇಂಟರಾಕ್ಟಿವ್’ ಎಂಬ ಕಂಪೆನಿಯನ್ನು ಆರಂಭಿಸಿದರು. ಭಾರತದಲ್ಲಿ ವಿಡಿಯೋ ಗೇಮ್ ರಚನೆಗೆ ಕೈಹಾಕಿದ ಮೊದಲಿಗರಲ್ಲಿ ಅದೂ ಒಂದು. ಎಕ್ಸ್‌ಬಾಕ್ಸ್ ಯಂತ್ರದ ಪ್ರಸಿದ್ಧ ಕಾರ್ ಪಂದ್ಯದ ಆಟಗಳಿಗೆ ಕಾರುಗಳ ಚಿತ್ರಗಳನ್ನು ಅಲ್ಲಿಯ ಕಲಾವಿದರು ರಚಿಸಿದ್ದಾರೆ. 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಕಂಪೆನಿಯು ಅದನ್ನು ಕೊಂಡಿತು. ಹೈದರಾಬಾದಿನ ಅರೋನಾ ಕಂಪೆನಿಯು ಹನುಮಂತನ ಕಥೆಯನ್ನು ಆಧರಿಸಿ ರಚಿಸಿದ ಆಟವು 2009ರಲ್ಲಿ ಎರಡನೆಯ ಪ್ಲೇಸ್ಟೇಷನ್ನಿಗೆ ಬಂದಿತು. ಆಂಜನೇಯನ ಊರಿನವರಾದ ನಮಗೆ ಇದು ಕುತೂಹಲದ ಸಂಗತಿಯೇ. ಗಣಿತ, ಚಿತ್ರಕಲೆ, ಸಂಗೀತ, ಕಥೆ ಹೇಳುವ ಜಾಣ್ಮೆ ಇವೆಲ್ಲವೂ ಈ ಕೆಲಸಕ್ಕೆ ಬೇಕು. ಆಟವನ್ನು ಆಡುವುದಷ್ಟೇ ಅಲ್ಲ, ಮಾಡುವುದನ್ನೂ ಕಲಿಯಬಹುದೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಆ ತಂದೆಯವರಿಗೆ ಉತ್ತರ

ಇಂದು ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಆಡುವುದು ಕನ್ಸೋಲಿನಲ್ಲಿ ಅಲ್ಲ, ಫೋನಿನಲ್ಲಿ. ಐವತ್ತು ವರ್ಷಗಳ ಪೈಪೋಟಿಯಲ್ಲಿ ಕಂಪೆನಿಗಳು ಕಲಿತ ಪಾಠವು ಇಲ್ಲಿ ತುದಿ ಮುಟ್ಟಿದೆ. ಮೊದಲು ಯಂತ್ರವನ್ನು ಅಗ್ಗವಾಗಿ ಕೊಟ್ಟು ಆಟದಲ್ಲಿ ಹಣ ಪಡೆದರು. ಈಗ ಆಟವನ್ನೇ ಪುಕ್ಕಟೆ ಕೊಟ್ಟು, ಆಟದೊಳಗಿನ ನಾಣ್ಯ, ಬಟ್ಟೆ, ಆಯುಧಗಳಲ್ಲಿ ಪಡೆಯುತ್ತಾರೆ. ಆ ಹಣದಲ್ಲಿ ನೂರಕ್ಕೆ 30ರವರೆಗೂ ಫೋನಿನ ಆಟದಂಗಡಿಯ ಒಡೆಯನಿಗೆ ಸಲ್ಲುತ್ತದೆ. ಹಣ ಕೊಡದವರು ಜಾಹೀರಾತು ನೋಡಿ ತಮ್ಮ ಸಮಯವನ್ನು ಕೊಡುತ್ತಾರೆ. ಬೀಜ ಪುಕ್ಕಟೆಯಾದಷ್ಟೂ ಬೆಳೆಯ ಮೇಲಿನ ಹಿಡಿತ ಬಿಗಿಯಾಗಿರುತ್ತದೆ.

ಹಾಗೆಂದು ಆಟವೇ ಕೆಟ್ಟದ್ದೆಂದು ಹೇಳುವವನು ನಾನಲ್ಲ. ಆಡದ ಬಾಲ್ಯ ಬಾಲ್ಯವೇ ಅಲ್ಲ. ಕಂಪೆನಿಗಳು ಪೈಪೋಟಿ ಮಾಡುವುದೂ ತಪ್ಪಲ್ಲ. ಅದರಿಂದ ಬೆಲೆ ಇಳಿದಿದೆ, ಆಟಗಳು ಉತ್ತಮವಾಗಿವೆ, ಕಟ್ಟಳೆಗಳು ಸಡಿಲಗೊಂಡಿವೆ. ಆದರೆ ಆ ಪೈಪೋಟಿ ನಡೆಯುವುದು ನಮ್ಮ ಗಂಟಿಗಾಗಿ ಮತ್ತು ನಮ್ಮ ಹೊತ್ತಿಗಾಗಿ ಎಂಬುದನ್ನು ಅರಿತು ಆಡಬೇಕು. ಪೋಷಕರು ಫೋನಿನಲ್ಲಿ ಹಣ ಕಟ್ಟಲು ಬೇಕಾದ ಗುಪ್ತ ಸಂಖ್ಯೆಯನ್ನು ಮಕ್ಕಳಿಗೆ ತಿಳಿಸದಿರಲಿ. ಆಟದ ಮೇಲೆ ಬರೆದಿರುವ ವಯಸ್ಸಿನ ಸೂಚನೆಯನ್ನು ಓದಲಿ. ಎಲ್ಲಕ್ಕಿಂತ ಮಿಗಿಲಾಗಿ, ಮಗು ಏನು ಆಡುತ್ತಿದೆ ಎಂದು ಪಕ್ಕದಲ್ಲಿ ಕುಳಿತು ಒಮ್ಮೆ ನೋಡಲಿ. ವಿದ್ಯಾರ್ಥಿಗಳು ಯಾವುದಾದರೂ ಪುಕ್ಕಟೆ ಸಿಕ್ಕಾಗ ಒಂದು ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳಲಿ: “ಇದನ್ನು ಕೊಟ್ಟವನು ಹಣವನ್ನು ಎಲ್ಲಿ ಪಡೆಯುತ್ತಾನೆ?”

ಆ ತಂದೆಯವರು ಆ ವರ್ಷ ಬೀಜಕ್ಕೆ ಸಾಲ ಮಾಡಿದರು. ಹುಡುಗ ಈಗ ಹತ್ತನೆಯ ತರಗತಿಯಲ್ಲಿದ್ದಾನೆ. ರಜೆಯ ದಿನಗಳಲ್ಲಿ ತಂದೆಯೊಡನೆ ಹೊಲಕ್ಕೆ ಹೋಗುತ್ತಾನೆ, ಸಂಜೆ ಗೆಳೆಯರೊಡನೆ ಕ್ರಿಕೆಟ್ ಆಡುತ್ತಾನೆ. ಫೋನಿನಲ್ಲಿಯೂ ಆಡುತ್ತಾನೆ, ಆದರೆ ತಂದೆಗೆ ತೋರಿಸಿ ಆಡುತ್ತಾನೆ. ಮೊನ್ನೆ ಅವನೇ ನನಗೆ ಹೇಳಿದ: “ಸಾರ್, ಈ ಆಟದಾಗೆ ನಾಣ್ಯ ಕೊಳ್ಳದೆ ಎಷ್ಟು ದೂರ ಹೋಗಬಹುದು ಅಂತ ನೋಡ್ತಾ ಇದೀನಿ.” ಆ ಆಟದಲ್ಲಿ ಅವನು ಗೆಲ್ಲಲೆಂದು ಹಾರೈಸುತ್ತೇನೆ.